ಮೂವತ್ತೊಂಬತ್ತು ಅಂಕಿಗಳ ಅವಿಭಾಜ್ಯ: ಒಂದು ಪಟ್ಟಿಯ ತಪ್ಪು, ಒಂದು ಲೆಕ್ಕದ ಸತ್ಯ



ನಮ್ಮ ಸಂಘದ ಶನಿವಾರದ ಕನ್ನಡ ಶಾಲೆಯಲ್ಲಿ ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಸಂಖ್ಯಾನಾಮಗಳ ಪಾಠ ನಡೆದಿತ್ತು. ಸ್ವಯಂಸೇವಕರ ಸರದಿಯಂತೆ ಅಂದು ಪಾಠ ಹೇಳುವ ಹೊಣೆ ನಮ್ಮದಾಗಿತ್ತು. ಒಂದು, ಹತ್ತು, ನೂರು, ಸಾವಿರ, ಲಕ್ಷ, ಕೋಟಿ ಎಂದು ಹಲಗೆಯ ಮೇಲೆ ಬರೆದು ಮುಗಿಸುವಷ್ಟರಲ್ಲಿ ಹತ್ತು ವರ್ಷದ ಬಾಲಕನೊಬ್ಬ ಎದ್ದು ಬಂದು ಒಂದು ಚೀಟಿಯನ್ನು ನಮ್ಮ ಕೈಗಿತ್ತು, "ಅಂಕಲ್, ಇದನ್ನು ಕನ್ನಡದಲ್ಲಿ ಓದಿ" ಎಂದ. ಚೀಟಿಯಲ್ಲಿದ್ದ ಸಂಖ್ಯೆ ಇದು:

170141183460469231731687303715884105727

ನಾವು ಬಲದಿಂದ ಎಡಕ್ಕೆ ಏಳೇಳು ಅಂಕಿಗಳನ್ನು ಗುಂಪು ಮಾಡುತ್ತಾ ಹೋದೆವು. ಕೊನೆಗೆ "ಸುಮಾರು 1701 ಕೋಟಿ ಕೋಟಿ ಕೋಟಿ ಕೋಟಿ ಕೋಟಿ" ಎಂದಾಗ ತರಗತಿ ನಗೆಯಲ್ಲಿ ಮುಳುಗಿತು. ನಮ್ಮ ನಾಡಿನಲ್ಲಿ ಹಿರಿಯ ಸಂಖ್ಯೆಗಳಿಗೆ ಹೆಸರುಗಳ ಕೊರತೆಯೇನೂ ಇರಲಿಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ, 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದ ಮಹಾವೀರಾಚಾರ್ಯರು ಅಂಕಿಗಳ ಸ್ಥಾನಗಳಿಗೆ ಹೆಸರಿಡುತ್ತಾ 24ನೆಯ ಸ್ಥಾನವಾದ 'ಮಹಾಕ್ಷೋಭ'ದವರೆಗೆ ಹೋಗಿದ್ದರು. ಚೀಟಿಯಲ್ಲಿದ್ದ ಸಂಖ್ಯೆಗೆ 39 ಅಂಕಿಗಳು. ಆಚಾರ್ಯರ ಹೆಸರುಗಳು ಮುಗಿದ ಮೇಲೂ 15 ಸ್ಥಾನಗಳು ಉಳಿಯುತ್ತವೆ.

ಬಾಲಕನ ಎರಡನೆಯ ಪ್ರಶ್ನೆ ಇನ್ನೂ ಕಠಿಣವಾಗಿತ್ತು. "ಇದು ಪ್ರೈಮ್ ನಂಬರ್ ಅಂತೆ. ಅದು ಹೇಗೆ ಗೊತ್ತು?" ಅವಸರದಲ್ಲಿದ್ದ ನಾವು "ಪುಸ್ತಕಗಳಲ್ಲಿದೆ" ಎಂದು ಉತ್ತರಿಸಿದೆವು. ಅವನು ಕ್ಷಣಕಾಲ ನಮ್ಮ ಮುಖವನ್ನೇ ನೋಡಿ, "ಪುಸ್ತಕದಲ್ಲಿದ್ದರೆ ಸಾಕಾ?" ಎಂದು ಕೇಳಿ ತನ್ನ ಜಾಗಕ್ಕೆ ಹೋಗಿ ಕುಳಿತ.

ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ವೃತ್ತಿಯಿಂದ ನಾವು ವೈದ್ಯರು, ಗಣಿತಜ್ಞರಲ್ಲ. ಆದರೆ ಮುಂದಿನ ಕೆಲವು ವಾರಗಳ ಬಿಡುವಿನಲ್ಲಿ ಈ ಸಂಖ್ಯೆಯ ಚರಿತ್ರೆಯನ್ನು ಓದಿದಾಗ, ಬಾಲಕನ ಪ್ರಶ್ನೆಯೇ ಆ ಚರಿತ್ರೆಯ ತಿರುಳು ಎಂಬುದು ನಮಗೆ ಮನವರಿಕೆಯಾಯಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಪರಿಪೂರ್ಣ ಸಂಖ್ಯೆಗಳಿಂದ ಆರಂಭ

ಒಂದರಿಂದಲೂ ತನ್ನಿಂದಲೂ ಹೊರತು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, ಒಂದಕ್ಕಿಂತ ದೊಡ್ಡದಾದ ಸಂಖ್ಯೆ ಅವಿಭಾಜ್ಯ. ಹಾಗೆ ಭಾಗವಾಗುವುದು ಭಾಜ್ಯ. ಶಾಲೆಯಲ್ಲಿ ಎಲ್ಲರೂ ಕಲಿತದ್ದು ಇಷ್ಟು. ಚೀಟಿಯ ಸಂಖ್ಯೆಗೆ ಇನ್ನೊಂದು ಗುಣವಿದೆ. 2ನ್ನು 127 ಬಾರಿ ಬರೆದು ಪರಸ್ಪರ ಗುಣಿಸಿ, ಬಂದ ಫಲದಿಂದ 1ನ್ನು ಕಳೆದರೆ ಅದು ದೊರೆಯುತ್ತದೆ. ಅಂದರೆ ಅದು 2¹²⁷ − 1.

ಇಂತಹ ಸಂಖ್ಯೆಗಳ ಮೇಲಿನ ಕುತೂಹಲಕ್ಕೆ ಎರಡು ಸಾವಿರ ವರ್ಷಗಳಿಗೂ ಮೀರಿದ ಇತಿಹಾಸವಿದೆ. 6ರ ಭಾಜಕಗಳಾದ 1, 2, 3ನ್ನು ಕೂಡಿಸಿದರೆ 6 ಬರುತ್ತದೆ. 28ರ ಭಾಜಕಗಳಾದ 1, 2, 4, 7, 14ನ್ನು ಕೂಡಿಸಿದರೆ 28. ಗ್ರೀಕರು ಇವುಗಳನ್ನು ಪರಿಪೂರ್ಣ ಸಂಖ್ಯೆಗಳೆಂದು ಕರೆದರು. 2ರ ಘಾತದಿಂದ 1 ಕಳೆದಾಗ ಅವಿಭಾಜ್ಯ ದೊರೆತರೆ, ಅದರಿಂದ ಒಂದು ಪರಿಪೂರ್ಣ ಸಂಖ್ಯೆಯನ್ನು ಪಡೆಯಬಹುದು ಎಂದು ಯೂಕ್ಲಿಡ್ ತನ್ನ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಸಾಧಿಸಿದ. 2² − 1 ಅಂದರೆ 3, ಅದರಿಂದ 6. 2³ − 1 ಅಂದರೆ 7, ಅದರಿಂದ 28. ಮುಂದೆ 31ರಿಂದ 496, 127ರಿಂದ 8128.

ಘಾತವು ಭಾಜ್ಯವಾಗಿದ್ದರೆ ಫಲವೂ ಭಾಜ್ಯವೇ ಆಗುತ್ತದೆ. 2⁶ − 1 ಅಂದರೆ 63. ಅದು 7ರಿಂದ ಭಾಗವಾಗುತ್ತದೆ. ಹಾಗಾದರೆ ಘಾತವು ಅವಿಭಾಜ್ಯವಾಗಿದ್ದರೆ ಫಲವೂ ಅವಿಭಾಜ್ಯವಾಗಲೇಬೇಕೇ? 2, 3, 5, 7 ಎಂಬ ಘಾತಗಳನ್ನು ನೋಡಿದವರಿಗೆ ಹಾಗೆಯೇ ತೋರುತ್ತದೆ. ಅನೇಕರು ಹಾಗೆಯೇ ನಂಬಿದ್ದರು. 1536ರಲ್ಲಿ ಹುಡಾಲ್ರಿಕಸ್ ರೇಜಿಯಸ್ ಎಂಬಾತ 2¹¹ − 1, ಅಂದರೆ 2047, 23 ಮತ್ತು 89ರ ಗುಣಲಬ್ಧವೆಂದು ತೋರಿಸಿದ. ನಾಲ್ಕು ಉದಾಹರಣೆಗಳ ಮೇಲೆ ಕಟ್ಟಿದ ನಂಬಿಕೆ ಐದನೆಯದರಲ್ಲಿ ಕುಸಿಯಿತು.

ಒಬ್ಬ ಸಂನ್ಯಾಸಿಯ ಪಟ್ಟಿ

ಈ ಸಂಖ್ಯೆಗಳಿಗೆ ಇಂದು ಮೆರ್ಸೆನ್ ಸಂಖ್ಯೆಗಳೆಂದು ಹೆಸರು. ಮಾರಿನ್ ಮೆರ್ಸೆನ್ 1588ರಲ್ಲಿ ಫ್ರಾನ್ಸಿನಲ್ಲಿ ಜನಿಸಿ, ಮಿನಿಮ್ ಪಂಥದ ಸಂನ್ಯಾಸಿಯಾಗಿ ಪ್ಯಾರಿಸ್ಸಿನಲ್ಲಿ ಬಾಳಿದವನು. ವಿಜ್ಞಾನದ ನಿಯತಕಾಲಿಕೆಗಳು ಹುಟ್ಟುವ ಮೊದಲಿನ ಆ ಕಾಲದಲ್ಲಿ ಡೇಕಾರ್ಟ್, ಫರ್ಮಾ ಮೊದಲಾದವರೊಡನೆ ನಿರಂತರವಾಗಿ ಪತ್ರವ್ಯವಹಾರ ನಡೆಸಿ, ಒಬ್ಬರ ಚಿಂತನೆಯನ್ನು ಮತ್ತೊಬ್ಬರಿಗೆ ಮುಟ್ಟಿಸುತ್ತಿದ್ದವನು ಅವನೇ.

1644ರಲ್ಲಿ ಪ್ರಕಟವಾದ ತನ್ನ ಗ್ರಂಥದ ಮುನ್ನುಡಿಯಲ್ಲಿ ಮೆರ್ಸೆನ್ ಒಂದು ಪಟ್ಟಿಯನ್ನು ಕೊಟ್ಟ. 2, 3, 5, 7, 13, 17, 19, 31, 67, 127, 257 ಎಂಬ ಘಾತಗಳಿಗೆ ಫಲವು ಅವಿಭಾಜ್ಯ. 257ರವರೆಗಿನ ಉಳಿದ ಯಾವ ಘಾತಕ್ಕೂ ಅಲ್ಲ ಎಂಬುದು ಅವನ ಹೇಳಿಕೆ. ಸಾಧನೆಯಿಲ್ಲ, ಲೆಕ್ಕವಿಲ್ಲ, ಬರಿಯ ಪಟ್ಟಿ. 31ರ ಆಚೆಗಿನ ಸಂಖ್ಯೆಗಳನ್ನು ಅವನು ಪರೀಕ್ಷಿಸಿರುವುದು ಸಾಧ್ಯವೇ ಇರಲಿಲ್ಲ. ಹದಿನೈದು ಇಪ್ಪತ್ತು ಅಂಕಿಗಳ ಸಂಖ್ಯೆಯೊಂದು ಅವಿಭಾಜ್ಯವೇ ಎಂದು ತಿಳಿಯಲು ಸರ್ವಕಾಲವೂ ಸಾಲದು ಎಂದು ಅವನೇ ಒಪ್ಪಿಕೊಂಡಿದ್ದ. ಆದರೂ ಪಟ್ಟಿ ನಿಂತಿತು. ಹೇಳಿದವನು ದೊಡ್ಡವನು, ಒರೆಗೆ ಹಚ್ಚುವ ಸಾಧನ ಯಾರ ಬಳಿಯೂ ಇಲ್ಲ. ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಅದು ಹಾಗೆಯೇ ಉಳಿಯಿತು.

ಇಂದು ನಮಗೆ ತಿಳಿದಿರುವಂತೆ ಆ ಪಟ್ಟಿಯಲ್ಲಿ ಐದು ತಪ್ಪುಗಳಿವೆ. 67 ಮತ್ತು 257 ಅಲ್ಲಿ ಇರಬಾರದಿತ್ತು. 61, 89 ಮತ್ತು 107 ಇರಬೇಕಿತ್ತು. ಆದರೆ 127ರ ವಿಷಯದಲ್ಲಿ ಮೆರ್ಸೆನ್ ಸರಿಯಾಗಿದ್ದ. ಪುಸ್ತಕದಲ್ಲಿರುವುದು ನಿಜವೂ ಆಗಿರಬಹುದು, ಸುಳ್ಳೂ ಆಗಿರಬಹುದು. ಯಾವುದು ಯಾವುದೆಂದು ಪುಸ್ತಕವೇ ಹೇಳಲಾರದು. ಬಾಲಕನ ಪ್ರಶ್ನೆಗೆ ಇದು ನಮಗೆ ದೊರೆತ ಮೊದಲ ಉತ್ತರ.

ಕಣ್ಣು ಕಳೆದುಕೊಂಡವನು ಕಂಡದ್ದು

ಪಟ್ಟಿಯ ಎಂಟನೆಯ ಘಾತವಾದ 31ನ್ನು ಒರೆಗೆ ಹಚ್ಚಿದವನು ಆಯ್ಲರ್. 2³¹ − 1, ಅಂದರೆ 2147483647, ಅವಿಭಾಜ್ಯವೆಂದು ಅವನು ತಿಳಿಸಿದ್ದು 1772ರಲ್ಲಿ, ಬರ್ನೂಲಿಗೆ ಬರೆದ ಪತ್ರದಲ್ಲಿ. ವೈದ್ಯರಾದ ನಮ್ಮ ಗಮನವನ್ನು ಸೆಳೆದದ್ದು ಆ ವರ್ಷ. ಆಯ್ಲರ್ ತನ್ನ ಬಲಗಣ್ಣಿನ ದೃಷ್ಟಿಯನ್ನು ಯೌವನದಲ್ಲೇ ಬಹುಪಾಲು ಕಳೆದುಕೊಂಡಿದ್ದ. ಎಡಗಣ್ಣಿಗೆ ಪೊರೆ ಬಂದಿತ್ತು. 1771ರಲ್ಲಿ ನಡೆದ ಶಸ್ತ್ರಚಿಕಿತ್ಸೆಯಿಂದ ಕೆಲಕಾಲ ದೃಷ್ಟಿ ಮರಳಿತಾದರೂ ಬಳಿಕ ಅದೂ ಹೋಯಿತು. ಬರ್ನೂಲಿಗೆ ಆ ಪತ್ರ ಹೋಗುವಾಗ ಅವನು ಬಹುತೇಕ ಅಂಧ.

ಆಯ್ಲರ್ ಕಂಡುಕೊಂಡ ಮಾರ್ಗ ಸೊಗಸಾದುದು. ಒಂದು ಸಂಖ್ಯೆ ಭಾಜ್ಯವಾಗಿದ್ದರೆ ಅದರ ವರ್ಗಮೂಲದೊಳಗೇ ಒಂದು ಭಾಜಕ ಸಿಗಬೇಕು. ಇಲ್ಲಿ ವರ್ಗಮೂಲ ಸುಮಾರು 46,340. ಜೊತೆಗೆ, 31ನೆಯ ಘಾತದ ಮೆರ್ಸೆನ್ ಸಂಖ್ಯೆಯ ಯಾವುದೇ ಅವಿಭಾಜ್ಯ ಭಾಜಕವನ್ನು 248ರಿಂದ ಭಾಗಿಸಿದರೆ ಶೇಷವು 1 ಅಥವಾ 63 ಮಾತ್ರ ಆಗಿರಬೇಕು ಎಂಬುದನ್ನು ಅವನು ಬಲ್ಲವನಾಗಿದ್ದ. ಈ ಎರಡು ಜರಡಿಗಳಲ್ಲಿ ಸೋಸಿದ ಮೇಲೆ ಪರೀಕ್ಷಿಸಬೇಕಾದವು ಕೆಲವೇ ಉಳಿಯುತ್ತವೆ. ಅವುಗಳಲ್ಲಿ ಒಂದೂ ಭಾಗಿಸಲಿಲ್ಲ.

ನಾವೀಗ ನೆಲೆಸಿರುವ ಈ ಬ್ರಿಟನ್ನಿನ ಗಣಿತಜ್ಞ ಪೀಟರ್ ಬಾರ್ಲೊ 1811ರಲ್ಲಿ, ಆಯ್ಲರನ ಸಂಖ್ಯೆಯಿಂದ ಬರುವ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದನ್ನು ಯಾರೂ ಎಂದಿಗೂ ಕಂಡುಹಿಡಿಯಲಾರರು, ಇವು ಕೇವಲ ಕುತೂಹಲದ ವಸ್ತುಗಳು, ಪ್ರಯೋಜನವಿಲ್ಲದ್ದಕ್ಕೆ ಯಾರು ತಾನೆ ಅಷ್ಟು ಶ್ರಮಪಟ್ಟಾರು ಎಂಬರ್ಥದಲ್ಲಿ ಬರೆದ. ಶ್ರಮಪಡುವವರು ಪ್ರಯೋಜನವನ್ನೇ ಕೇಳಿಕೊಂಡು ಹೊರಡುವುದಿಲ್ಲ ಎಂಬುದನ್ನು ಅವನು ಊಹಿಸಲಿಲ್ಲ.

ಲೂಕಾಸ್‌ನ ಉಪಾಯ

ಎದುವಾರ್ ಲೂಕಾಸ್ 1842ರಲ್ಲಿ ಫ್ರಾನ್ಸಿನ ಆಮಿಯಾಂ ನಗರದಲ್ಲಿ ಜನಿಸಿದ. ಪ್ಯಾರಿಸ್ಸಿನ ವೀಕ್ಷಣಾಲಯದಲ್ಲಿ ಕೆಲಸ ಮಾಡಿ, ಪ್ರಷ್ಯಾದೊಡನೆ ನಡೆದ ಯುದ್ಧದಲ್ಲಿ ಫಿರಂಗಿದಳದ ಅಧಿಕಾರಿಯಾಗಿ ಸೇವೆ ಸಲ್ಲಿಸಿ, ಬಳಿಕ ಪ್ರೌಢಶಾಲೆಗಳ ಗಣಿತ ಉಪಾಧ್ಯಾಯನಾದ. ನಮ್ಮ ಮಕ್ಕಳಿಗೆ ಅವನ ಪರಿಚಯ ಬೇರೊಂದು ದಾರಿಯಲ್ಲಿ ಆಗಲೇ ಇದೆ. ಮೂರು ಕಂಬಗಳು, ಚಿಕ್ಕದರ ಮೇಲೆ ದೊಡ್ಡದನ್ನು ಇಡದೆ ಸಾಗಿಸಬೇಕಾದ ಬಿಲ್ಲೆಗಳು: 'ಹನೋಯ್ ಗೋಪುರ' ಎಂಬ ಆ ಆಟಿಕೆಯನ್ನು 1883ರಲ್ಲಿ ಹೊರತಂದವನು ಅವನೇ. ಆಟಿಕೆಯೊಡನೆ ಬಂದ ಕಥೆಯಲ್ಲಿ ಕಾಶಿಯ ದೇಗುಲವೊಂದರಲ್ಲಿ ಅರ್ಚಕರು 64 ಚಿನ್ನದ ಬಿಲ್ಲೆಗಳನ್ನು ಸಾಗಿಸುತ್ತಿದ್ದಾರೆ, ಆ ಕೆಲಸ ಮುಗಿದ ದಿನ ಜಗತ್ತೇ ಮುಗಿಯುತ್ತದೆ ಎಂದಿತ್ತು. ಬಿಲ್ಲೆಗಳು ಎಷ್ಟಿವೆಯೋ 2ರ ಅಷ್ಟನೆಯ ಘಾತದಿಂದ 1 ಕಳೆದಷ್ಟು ನಡೆಗಳು ಬೇಕು. ಕ್ಷಣಕ್ಕೊಂದು ನಡೆಯಂತೆ 64 ಬಿಲ್ಲೆಗಳಿಗೆ ಸುಮಾರು 58,000 ಕೋಟಿ ವರ್ಷಗಳು. ಬಿಲ್ಲೆಗಳು 127 ಇದ್ದಿದ್ದರೆ ನಡೆಗಳ ಎಣಿಕೆ ನಮ್ಮ ಬಾಲಕನ ಚೀಟಿಯಲ್ಲಿದ್ದ ಸಂಖ್ಯೆಯೇ.

ಆ ಸಂಖ್ಯೆಯನ್ನು ಆಯ್ಲರನಂತೆ ಭಾಗಿಸಿ ನೋಡುವುದು ಅಸಾಧ್ಯ. ಅದರ ವರ್ಗಮೂಲಕ್ಕೇ 20 ಅಂಕಿಗಳಿವೆ. ಅಲ್ಲಿಯವರೆಗಿನ ಬೆಸಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಲು, ಸೆಕೆಂಡಿಗೆ ನೂರು ಕೋಟಿ ಭಾಗಾಕಾರ ಮಾಡುವ ಯಂತ್ರಕ್ಕೂ 200 ವರ್ಷಗಳು ಸಾಲವು. ಲೂಕಾಸ್ ಭಾಜಕಗಳನ್ನು ಹುಡುಕುವ ದಾರಿಯನ್ನೇ ತೊರೆದ. ಭಾಜಕವಿದೆಯೇ ಇಲ್ಲವೇ ಎಂಬುದನ್ನು, ಒಂದನ್ನೂ ಹುಡುಕದೆ ತಿಳಿಯುವ ಪರೀಕ್ಷೆಯೊಂದನ್ನು ರೂಪಿಸಿದ. ಉದರವನ್ನು ಕೊಯ್ಯದೆ, ರಕ್ತದ ಒಂದು ಹನಿಯಿಂದ ರೋಗವನ್ನು ಗುರುತಿಸಿದಂತೆ.

ಆ ಪರೀಕ್ಷೆಯನ್ನು 1930ರಲ್ಲಿ ಅಮೆರಿಕದ ಡಿ. ಎಚ್. ಲೆಹ್ಮರ್ ಸರಳಗೊಳಿಸಿ, ಅದರ ಸಾಧನೆಯಲ್ಲಿ ಉಳಿದಿದ್ದ ಬಿರುಕುಗಳನ್ನು ಮುಚ್ಚಿದ. ಆ ರೂಪ ಇಂತಿದೆ. 4ರಿಂದ ಆರಂಭಿಸಿ. ಅದರ ವರ್ಗದಿಂದ 2 ಕಳೆಯಿರಿ. ಬಂದದ್ದನ್ನು ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಆ ಶೇಷಕ್ಕೆ ಮತ್ತೆ ಅದನ್ನೇ ಮಾಡಿ. ಘಾತಕ್ಕಿಂತ ಒಂದು ಕಡಿಮೆಯಾದ ಸ್ಥಾನದಲ್ಲಿ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ.

ಘಾತ 7ನ್ನು ತೆಗೆದುಕೊಳ್ಳೋಣ. ಪರೀಕ್ಷಿಸಬೇಕಾದದ್ದು 2⁷ − 1, ಅಂದರೆ 127. ಮೊದಲ ಪದ 4. ನಾಲ್ಕರ ವರ್ಗ 16, ಎರಡು ಕಳೆದರೆ 14. ಹದಿನಾಲ್ಕರ ವರ್ಗ 196, ಎರಡು ಕಳೆದರೆ 194, 127ರಿಂದ ಭಾಗಿಸಿದರೆ ಶೇಷ 67. ಹೀಗೆಯೇ ಮುಂದೆ 42, ಅನಂತರ 111. ಕೊನೆಗೆ 111ರ ವರ್ಗದಿಂದ ಎರಡು ಕಳೆದರೆ 12319. ಅದು 127ರ ಸರಿಯಾಗಿ 97 ಪಟ್ಟು. ಶೇಷ ಸೊನ್ನೆ. ಆರನೆಯ ಸ್ಥಾನದಲ್ಲಿ ಸೊನ್ನೆ ಬಂದುದರಿಂದ 127 ಅವಿಭಾಜ್ಯ. ಇದನ್ನೇ 2047ಕ್ಕೆ ಮಾಡಿದರೆ ಹತ್ತನೆಯ ಸ್ಥಾನದಲ್ಲಿ ಬರುವುದು ಸೊನ್ನೆಯಲ್ಲ, 1736. ಆದ್ದರಿಂದ 2047 ಭಾಜ್ಯ. 23 ಮತ್ತು 89ರ ಸುಳಿವೇ ಇಲ್ಲದೆ ತೀರ್ಪು ಬಂದಿತು.

ವೈದ್ಯವೃತ್ತಿಯಲ್ಲಿರುವ ನಮಗೆ ಇಂತಹ ಪರೀಕ್ಷೆ ಕನಸಿನ ಮಾತು. ನಮ್ಮ ಪರೀಕ್ಷೆಗಳು ಇಲ್ಲದ ರೋಗವನ್ನು ಇದೆ ಎನ್ನುತ್ತವೆ, ಇರುವ ರೋಗವನ್ನು ಒಮ್ಮೊಮ್ಮೆ ಬಿಟ್ಟುಬಿಡುತ್ತವೆ. ಲೂಕಾಸ್ ಮತ್ತು ಲೆಹ್ಮರರ ಪರೀಕ್ಷೆ ಎರಡೂ ಬಗೆಯಲ್ಲಿ ತಪ್ಪುವುದಿಲ್ಲ. ತಪ್ಪುವುದಾದರೆ ಲೆಕ್ಕ ಮಾಡುವವನು ತಪ್ಪಬೇಕು.

127ನೆಯ ಘಾತಕ್ಕೆ ಲೂಕಾಸ್ ಬಳಸಿದ್ದು ಫಿಬೊನಾಚಿ ಸರಣಿಯಿಂದ ಹುಟ್ಟಿದ, 3ರಿಂದ ಆರಂಭವಾಗುವ ಸೋದರ ರೂಪ. 39 ಅಂಕಿಗಳವರೆಗಿನ ಸಂಖ್ಯೆಗಳ ವರ್ಗವನ್ನು ಮಾಡುವುದು, ಶೇಷವನ್ನು ತೆಗೆಯುವುದು. ಹೀಗೆ ಸುಮಾರು 125 ಬಾರಿ. ಅವನು ಇದಕ್ಕೂ ಒಂದು ಉಪಾಯ ಹೂಡಿದ. 1234ನ್ನು 99ರಿಂದ ಭಾಗಿಸಿದರೆ ಬರುವ ಶೇಷವನ್ನು ತಿಳಿಯಲು ಭಾಗಿಸಬೇಕಾಗಿಲ್ಲ. 12 ಮತ್ತು 34ನ್ನು ಕೂಡಿಸಿದರೆ ಸಾಕು, 46. ಸಂಖ್ಯೆಗಳನ್ನು 0 ಮತ್ತು 1 ಮಾತ್ರವಿರುವ ದ್ವಿಮಾನ ಪದ್ಧತಿಯಲ್ಲಿ ಬರೆದರೆ 2¹²⁷ − 1ರ ವಿಷಯದಲ್ಲಿಯೂ ಇದೇ ನಿಯಮ ನಡೆಯುತ್ತದೆ. 127 ಸ್ಥಾನಗಳನ್ನು ಮೀರಿದ ಅಂಕಿಗಳನ್ನು ಮರಳಿ ಮೊದಲಿನಿಂದ ಕೂಡಿಸಿದರಾಯಿತು. ಆದ್ದರಿಂದ ಅವನು ಅಡ್ಡಕ್ಕೂ ಉದ್ದಕ್ಕೂ 127 ಮನೆಗಳುಳ್ಳ, ಚದುರಂಗದ ಹಾಸಿನಂತಹ ಹಲಗೆಯ ಮೇಲೆ ಕಾಯಿಗಳನ್ನು ನಡೆಸಿ ಗಣಿಸುವ ಕ್ರಮವನ್ನು ವಿವರಿಸಿದ. ಇಂದಿನ ಗಣಕಯಂತ್ರಗಳು ಒಳಗೆ ಮಾಡುವುದೂ ಬಹುಮಟ್ಟಿಗೆ ಇದನ್ನೇ.

1876ರಲ್ಲಿ, 34ನೆಯ ವಯಸ್ಸಿನಲ್ಲಿ, 2¹²⁷ − 1 ಅವಿಭಾಜ್ಯವೆಂದು ಲೂಕಾಸ್ ಸಾರಿದ. ಮುಂದಿನ 75 ವರ್ಷಗಳ ಕಾಲ ಮಾನವಕುಲಕ್ಕೆ ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯ ಅದೇ ಆಗಿತ್ತು. ಯಂತ್ರದ ನೆರವಿಲ್ಲದೆ ಮನುಷ್ಯನ ಕೈ ಕಂಡ ಅವಿಭಾಜ್ಯಗಳಲ್ಲಿ ಇಂದಿಗೂ ಅದೇ ಅತಿ ದೊಡ್ಡದು.

ಸೊನ್ನೆಯ ಸಾಕ್ಷ್ಯ

ಇಲ್ಲೊಂದು ಸೂಕ್ಷ್ಮವಿದೆ. ಅಷ್ಟು ದೀರ್ಘವಾದ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೂ ಮುಂದಿನದೆಲ್ಲವೂ ಕೆಡುತ್ತದೆ. ಆದರೆ ಕೆಟ್ಟ ಲೆಕ್ಕವೊಂದು ಆಕಸ್ಮಿಕವಾಗಿ ಸೊನ್ನೆಗೆ ಬಂದು ನಿಲ್ಲುವುದು ಎಣಿಸಲಾಗದಷ್ಟು ಅಪರೂಪ. ಕೊನೆಯಲ್ಲಿ ಬಂದ ಸೊನ್ನೆ, ಲೆಕ್ಕವು ಸರಿಯಾಗಿತ್ತು ಎಂಬುದಕ್ಕೂ ತಾನೇ ಸಾಕ್ಷಿ ನುಡಿಯುತ್ತದೆ. ಸೊನ್ನೆ ಬಾರದಿದ್ದಾಗ ಮಾತ್ರ ಸಂದೇಹ ಉಳಿಯುತ್ತದೆ: ಸಂಖ್ಯೆ ನಿಜವಾಗಿಯೂ ಭಾಜ್ಯವೋ, ಇಲ್ಲವೇ ಲೆಕ್ಕಿಗನು ಎಡವಿದನೋ?

ಅದೇ 1876ರಲ್ಲಿ ಲೂಕಾಸ್ 2⁶⁷ − 1 ಭಾಜ್ಯವೆಂದೂ ಕಂಡುಕೊಂಡಿದ್ದ. ಅಂದರೆ ಮೆರ್ಸೆನ್ನನ ಪಟ್ಟಿ ತಪ್ಪು. ಆದರೆ ಅವನ ಕೈಯಲ್ಲಿ ಭಾಜಕಗಳಿರಲಿಲ್ಲ, ಸೊನ್ನೆಯಲ್ಲದ ಒಂದು ಶೇಷವಿತ್ತು, ಅಷ್ಟೆ. ಸಂದೇಹವು 1903ರ ಅಕ್ಟೋಬರ್‌ವರೆಗೆ ಸುಳಿದಾಡಿತು. ಆಗ ನ್ಯೂಯಾರ್ಕ್‌ನಲ್ಲಿ ನಡೆದ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರ್ಯಾಂಕ್ ನೆಲ್ಸನ್ ಕೋಲ್, 147573952589676412927 ಎಂಬುದು 193707721 ಮತ್ತು 761838257287ರ ಗುಣಲಬ್ಧವೆಂದು ತೋರಿಸಿದ. ಅವನು ಒಂದು ಮಾತನ್ನೂ ಆಡದೆ ಹಲಗೆಯ ಮೇಲೆ ಎರಡೂ ಕಡೆಯ ಲೆಕ್ಕವನ್ನು ಬರೆದು ಕುಳಿತನೆಂದೂ, ಸಭಿಕರು ಎದ್ದು ಚಪ್ಪಾಳೆ ತಟ್ಟಿದರೆಂದೂ, ಇದಕ್ಕೆ ಅವನ ಮೂರು ವರ್ಷಗಳ ಭಾನುವಾರಗಳು ವ್ಯಯವಾದವೆಂದೂ ಒಂದು ಕಥೆ ಪ್ರಚಲಿತವಾಗಿದೆ. ಕಥೆಯಲ್ಲಿ ಬಣ್ಣ ಸೇರಿರಬಹುದು. ಗುಣಾಕಾರವನ್ನಂತೂ ಯಾರು ಬೇಕಾದರೂ ಮಾಡಿ ನೋಡಬಹುದು.

ಪಟ್ಟಿ ಬಿಟ್ಟುಬಿಟ್ಟಿದ್ದ 61ನ್ನು 1883ರಲ್ಲಿ ಸೇರಿಸಿದವನು ರಷ್ಯಾದ ಹಳ್ಳಿಯೊಂದರ ಪಾದ್ರಿ ಇವಾನ್ ಪೆರ್ವುಶಿನ್. 89 ಮತ್ತು 107ನ್ನು 1911 ಮತ್ತು 1914ರಲ್ಲಿ ಸೇರಿಸಿದವನು ಅಮೆರಿಕದ ರೈಲ್ವೆ ನೌಕರ ಪವರ್ಸ್. 257ನ್ನು 1920ರ ದಶಕದಲ್ಲಿ ಪಟ್ಟಿಯಿಂದ ಹೊರಹಾಕಲಾಯಿತು. 1947ರ ಹೊತ್ತಿಗೆ ಕೊನೆಯ ಘಾತದ ಪರೀಕ್ಷೆಯೂ ಮುಗಿಯಿತು. ಒಂದು ಪುಟದ ಪಟ್ಟಿಯೊಂದನ್ನು ತಿದ್ದಲು 303 ವರ್ಷಗಳು ಬೇಕಾದವು.

ಒಂದು ಗಾಯ, ಒಂದು ಕಡತ

ಲೂಕಾಸ್‌ನ ಅಂತ್ಯವನ್ನು ಓದಿದಾಗ ನಾವು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. 1891ರಲ್ಲಿ ವಿಜ್ಞಾನ ಸಮ್ಮೇಳನವೊಂದರ ಔತಣಕೂಟದಲ್ಲಿ ಪರಿಚಾರಕನ ಕೈಯಿಂದ ಪಿಂಗಾಣಿ ಪಾತ್ರೆಗಳು ಜಾರಿ ಬಿದ್ದು ಒಡೆದವು. ಒಂದು ಚೂರು ಸಿಡಿದು ಲೂಕಾಸ್‌ನ ಕೆನ್ನೆಯನ್ನು ಸೀಳಿತು. ಕೆಲವೇ ದಿನಗಳಲ್ಲಿ ಚರ್ಮದ ತೀವ್ರ ಸೋಂಕು ಹರಡಿ, ಅಕ್ಟೋಬರ್ 3ರಂದು ಅವನು ತೀರಿಕೊಂಡ. ವಯಸ್ಸು 49. ಎರಿಸಿಪೆಲಸ್ ಎಂದು ಹೇಳಲಾಗುವ ಆ ಸೋಂಕನ್ನು ಸಾಮಾನ್ಯವಾಗಿ ಉಂಟುಮಾಡುವುದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ. ಪೆನ್ಸಿಲಿನ್ನಿಗೆ ಅದು ಇಂದಿಗೂ ಸುಲಭವಾಗಿ ಮಣಿಯುತ್ತದೆ. ಆದರೆ ಅಲೆಕ್ಸಾಂಡರ್ ಫ್ಲೆಮಿಂಗ್ ಲಂಡನ್ನಿನಲ್ಲಿ ಪೆನ್ಸಿಲಿನ್ನನ್ನು ಗುರುತಿಸಿದ್ದು 1928ರಲ್ಲಿ. ಲೂಕಾಸ್‌ಗೆ 37 ವರ್ಷ ತಡವಾಯಿತು.

ಇದನ್ನು ಓದುವಾಗ ನಮಗೆ ನೆನಪಾದದ್ದು ನಮ್ಮ ಆರೈಕೆಯಲ್ಲಿದ್ದ ವೃದ್ಧೆಯೊಬ್ಬರು. ಅವರ ಕಡತದಲ್ಲಿ ಪೆನ್ಸಿಲಿನ್ ಅಲರ್ಜಿ ಎಂದು ದಪ್ಪ ಅಕ್ಷರಗಳಲ್ಲಿ ನಮೂದಾಗಿತ್ತು. ಕಾಲಿನ ಚರ್ಮಕ್ಕೆ ಇದೇ ಬಗೆಯ ಸೋಂಕು ತಗುಲಿ ಅವರು ಬಂದಾಗ, ನಮೂದನ್ನು ನೋಡಿ ನಾವು ಬೇರೊಂದು ಔಷಧವನ್ನು ಕೊಟ್ಟೆವು. ಅದರಿಂದ ಅವರಿಗೆ ತೀವ್ರವಾದ ಭೇದಿಯುಂಟಾಗಿ, ಮನೆಗೆ ಮರಳುವುದು ಎರಡು ವಾರ ತಡವಾಯಿತು. ಮುಂದೆ ತಜ್ಞರು ಕ್ರಮಬದ್ಧವಾಗಿ ಪರೀಕ್ಷಿಸಿದಾಗ ಅವರಿಗೆ ಅಲರ್ಜಿಯೇ ಇರಲಿಲ್ಲ. ಬಾಲ್ಯದಲ್ಲಿ ಜ್ವರದೊಡನೆ ಕಾಣಿಸಿದ ಗುಳ್ಳೆಗಳನ್ನು ಯಾರೋ ಔಷಧದ ತಲೆಗೆ ಕಟ್ಟಿದ್ದರು. ಆ ಒಂದು ಸಾಲು ಒಂದು ಕಡತದಿಂದ ಮತ್ತೊಂದಕ್ಕೆ ಅರ್ಧ ಶತಮಾನಕ್ಕೂ ಮೀರಿ ಸಾಗಿ ಬಂದಿತ್ತು.

ತುರ್ತಿನ ಹೊತ್ತಿನಲ್ಲಿ ನಮೂದನ್ನು ಗೌರವಿಸಿದ್ದು ತಪ್ಪಲ್ಲ, ಹಾಗೆ ಮಾಡಲೇಬೇಕು. ನಮ್ಮ ತಪ್ಪು ಬೇರೆ. ಅದಕ್ಕೂ ಮೊದಲು ಹಲವು ವರ್ಷಗಳ ಕಾಲ ಅವರು ಸಾಮಾನ್ಯ ತಪಾಸಣೆಗೆ ಬಂದಾಗಲೆಲ್ಲ ನಾವು ಆ ಸಾಲನ್ನು ಓದಿದ್ದೆವು, ನಕಲು ಮಾಡಿದ್ದೆವು. ಆದರೆ "ಆಗ ಏನಾಗಿತ್ತು, ತಾಯಿ?" ಎಂದು ಒಮ್ಮೆಯೂ ಕೇಳಿರಲಿಲ್ಲ. ಇಂತಹ ನಮೂದು ಹೊತ್ತವರಲ್ಲಿ ಬಹುಪಾಲು ಮಂದಿಗೆ ಪರೀಕ್ಷಿಸಿದಾಗ ಅಲರ್ಜಿ ಕಾಣುವುದಿಲ್ಲ ಎಂಬುದು ವೈದ್ಯಲೋಕಕ್ಕೆ ತಿಳಿದ ಸಂಗತಿ. ನಮಗೂ ತಿಳಿದಿತ್ತು. ನಿಮ್ಮ ಅಥವಾ ನಿಮ್ಮ ಹಿರಿಯರ ಕಡತದಲ್ಲಿ ಅಂತಹ ಸಾಲಿದ್ದರೆ ನೀವಾಗಿಯೇ ಔಷಧ ನುಂಗಿ ಪರೀಕ್ಷಿಸಲು ಹೋಗಬೇಡಿ. ನಿಮ್ಮ ವೈದ್ಯರನ್ನು ಕೇಳಿರಿ. ಆದರೆ ಕೇಳದೆ ಇರಬೇಡಿ.

ಮೆರ್ಸೆನ್ ಸುಳ್ಳುಗಾರನಾಗಿರಲಿಲ್ಲ. ಕಡತದಲ್ಲಿ ಮೊದಲ ಸಾಲನ್ನು ಬರೆದವರೂ ಅಲ್ಲ. ಒಬ್ಬರ ಊಹೆಯನ್ನು ಅನಂತರದವರು ಸತ್ಯವೆಂದು ನಕಲು ಮಾಡುತ್ತಾ ಹೋದಾಗ ತಪ್ಪಿಗೆ ವಯಸ್ಸಾಗುತ್ತದೆ, ವಯಸ್ಸಾದಂತೆ ಅದಕ್ಕೆ ಗೌರವವೂ ಹೆಚ್ಚುತ್ತದೆ.

ಯಂತ್ರಗಳ ಯುಗ

ಲೂಕಾಸ್‌ನ ದಾಖಲೆ ಮುರಿದದ್ದು 1951ರಲ್ಲಿ. ಅದೇ ವರ್ಷ ಕೇಂಬ್ರಿಜ್‌ನ ಎಡ್ಸ್ಯಾಕ್ ಗಣಕಯಂತ್ರದಲ್ಲಿ ಮಿಲ್ಲರ್ ಮತ್ತು ವೀಲರ್ 79 ಅಂಕಿಗಳ ಅವಿಭಾಜ್ಯವೊಂದನ್ನು ಕಂಡರು. ಲೂಕಾಸ್‌ನ ಸಂಖ್ಯೆಯ ವರ್ಗವನ್ನು 180ರಿಂದ ಗುಣಿಸಿ 1 ಕೂಡಿಸಿದರೆ ಬರುವ ಸಂಖ್ಯೆ ಅದು. ಹಳೆಯ ದಾಖಲೆಯನ್ನೇ ಮೆಟ್ಟಿಲಾಗಿಸಿಕೊಂಡು ಹೊಸದು ಮೇಲೇರಿತು. 1952ರ ಜನವರಿ 30ರಂದು ಲಾಸ್ ಏಂಜಲೀಸ್‌ನ ಸ್ವ್ಯಾಕ್ ಯಂತ್ರದಲ್ಲಿ ರಾಬಿನ್‌ಸನ್ನನ ಕ್ರಮವಿಧಿಯು 521 ಮತ್ತು 607ನೆಯ ಘಾತಗಳ ಅವಿಭಾಜ್ಯಗಳನ್ನು ಒಂದೇ ದಿನದಲ್ಲಿ ಕೊಟ್ಟಿತು. ಬಾರ್ಲೊ ನಿಷ್ಪ್ರಯೋಜಕವೆಂದ ಈ ಕುಲದ 2⁵²¹ − 1 ಇಂದು ಅಂತರ್ಜಾಲದ ಗೂಢಲಿಪಿಯ ಒಂದು ಮಾನಕ ಪದ್ಧತಿಗೆ ಆಧಾರವಾಗಿದೆ.

1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದ ಸ್ವಯಂಸೇವಕರ ಜಾಲವೊಂದರಲ್ಲಿ ಜಗತ್ತಿನಾದ್ಯಂತದ ಜನರು ತಮ್ಮ ಗಣಕಯಂತ್ರಗಳ ಬಿಡುವಿನ ಸಮಯವನ್ನು ಈ ಹುಡುಕಾಟಕ್ಕೆ ನೀಡುತ್ತಾರೆ. ಆ ಜಾಲದ ಮೂಲಕ 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಕಂಡ ಅವಿಭಾಜ್ಯದ ಘಾತ 136279841. ಅದರಲ್ಲಿ 4,10,24,320 ಅಂಕಿಗಳಿವೆ. ಆ ಜಾಲದಲ್ಲಿಯೂ ಹೊಸ ಅವಿಭಾಜ್ಯವನ್ನು ಒಬ್ಬರ ಯಂತ್ರ ಸಾರಿದರೆ ಸಾಲದು. ಬೇರೆ ಯಂತ್ರಗಳು, ಬೇರೆ ಕ್ರಮವಿಧಿಗಳು ಮತ್ತೆ ಲೆಕ್ಕ ಮಾಡಿ ಒಪ್ಪಿದ ಬಳಿಕವೇ ಪ್ರಕಟಣೆ.

ಮತ್ತೆ ತರಗತಿಗೆ

ನಮ್ಮ ಸರದಿ ಮತ್ತೆ ಬಂದ ಶನಿವಾರ ಆ ಬಾಲಕನನ್ನು ಹಲಗೆಯ ಬಳಿಗೆ ಕರೆದೆವು. "ಪುಸ್ತಕದಲ್ಲಿದ್ದರೆ ಸಾಲದು. ಅಂದು ನಾವು ಹೇಳಿದ್ದು ಸರಿಯಾದ ಉತ್ತರವಲ್ಲ" ಎಂದು ಎಲ್ಲರೆದುರು ಒಪ್ಪಿಕೊಂಡೆವು. ಬಳಿಕ 4, 14, 67, 42, 111 ಎಂದು ಮಕ್ಕಳೇ ಕನ್ನಡದಲ್ಲಿ ಎಣಿಸುತ್ತಾ ಲೆಕ್ಕ ನಡೆಸಿದರು. ಮಧ್ಯೆ ಒಬ್ಬಳು ಗುಣಾಕಾರದಲ್ಲಿ ತಪ್ಪಿದಳು, ಸೊನ್ನೆ ಬರಲಿಲ್ಲ. ಮತ್ತೆ ಮೊದಲಿನಿಂದ ಮಾಡಿದರು. ಕೊನೆಯಲ್ಲಿ ಸೊನ್ನೆ ಬಂದಾಗ ಎದ್ದ ಕೂಗಿಗೆ ಪಕ್ಕದ ಕೋಣೆಯ ಭಜನಾ ಅಭ್ಯಾಸ ಒಂದು ಕ್ಷಣ ನಿಂತಿತು.

ಬಾಲಕ ಮಾತ್ರ ಹಲಗೆಯನ್ನೇ ನೋಡುತ್ತಿದ್ದ. 2ನೆಯ ಘಾತದಿಂದ 3, 3ನೆಯ ಘಾತದಿಂದ 7, 7ನೆಯ ಘಾತದಿಂದ 127, 127ನೆಯ ಘಾತದಿಂದ ಚೀಟಿಯ ಸಂಖ್ಯೆ, ಎಲ್ಲವೂ ಅವಿಭಾಜ್ಯ. "ಹಾಗಾದರೆ ಈ ಸಂಖ್ಯೆಯನ್ನೇ ಘಾತ ಮಾಡಿಕೊಂಡರೆ?" ಎಂದು ಕೇಳಿದ. ಲೂಕಾಸ್‌ನ ಕಾಲದಲ್ಲಿಯೇ ಗಣಿತಜ್ಞ ಕತಲಾನ್ ಕೇಳಿದ್ದ ಪ್ರಶ್ನೆ ಅದು. ಆ ಸಂಖ್ಯೆಯ ಅಂಕಿಗಳನ್ನು ಬರೆಯಲು ಜಗತ್ತಿನ ಕಾಗದವೆಲ್ಲ ಸಾಲದು, ಲೂಕಾಸ್‌ನ ಪರೀಕ್ಷೆಯೂ ಅಲ್ಲಿ ನಡೆಯದು. ಅದು ಅವಿಭಾಜ್ಯವೋ ಅಲ್ಲವೋ ಎಂಬುದು ಇಂದಿಗೂ ಯಾರಿಗೂ ತಿಳಿದಿಲ್ಲ.

ಸರಣಿಯಲ್ಲಿ ಹಿಂದಿನ ಐದೂ ಅವಿಭಾಜ್ಯವಾದ್ದರಿಂದ ಮುಂದಿನದೂ ಹಾಗೆಯೇ ಇರಬಹುದಲ್ಲವೇ ಎಂದು ನಾವು ಕೇಳಿದೆವು. ಅವನು 2047ರತ್ತ ಬೆರಳು ತೋರಿಸಿ, "ಲೆಕ್ಕ ಮಾಡಿ ನೋಡಬೇಕು, ಅಂಕಲ್" ಎಂದ.